ಸೋಪಿನ ಕಾವಲು

ಟೈಲರ್: ಬೆಳಗ್ಗೆಯಿಂದ ‘ಭದ್ರವಾಗಿದೆ, ಭದ್ರವಾಗಿದೆ’ ಅಂತ ಹೇಳ್ತಿದ್ದೀಯಲ್ಲೋ, ಎಲ್ಲಿ ಭದ್ರವಾಗಿದೆ?

ರೆಕಾರ್ಡು: ಎಲ್ಲಿ ಅಂತ ಎಲ್ಲರಿಗೂ ಗೊತ್ತಾದ್ಮೇಲೆ ಭದ್ರ ಎಲ್ಲಿ ಬಂತು?

ಟೈಲರ್: ಎಲ್ಲರಿಗೂ ಬೇಡ ಕಣೋ. ನಿನಗೆ ಗೊತ್ತಾ ಅಂತ ಕೇಳ್ತಿದ್ದೀನಿ.

ರೆಕಾರ್ಡು: ಗೊತ್ತಿಲ್ಲ ಅಂತ ನಾನು ಹೇಳಿದ್ನಾ?

ಟೈಲರ್: ಗೊತ್ತಿದೆ ಅಂತಾನೂ ಹೇಳ್ಲಿಲ್ಲ.

ರೆಕಾರ್ಡು: ನೋಡಿ ಹೇಳ್ತೀನಿ.

ಟೀಚರ್: ಏನು ನೋಡಿ ಹೇಳ್ತೀರಣ್ಣ?

ರೆಕಾರ್ಡು: ರೂಮು.

ಪರದೇಶದ ಹೋಟೆಲೊಂದರ ಮೂರನೆಯ ಮಹಡಿಯ ರೂಮು ಅದು. ನಾಲ್ಕು ಸೂಟ್‌ಕೇಸುಗಳು ಬಾಗಿಲ ಬಳಿ ಸಾಲಾಗಿ ನಿಂತಿದ್ದವು. ಹತ್ತೂವರೆಗೆ ವಿಮಾನ ನಿಲ್ದಾಣಕ್ಕೆ ಬಸ್ಸು, ಈಗ ಒಂಬತ್ತು ಮುಕ್ಕಾಲು. ಆರು ದಿನದ ಪ್ರವಾಸ ಮುಗಿದು ಏಳನೆಯ ದಿನ ಬೆಳಗ್ಗೆ ಮನೆಗೆ ಹೊರಟವರಿಗೆ ಉಳಿದಿದ್ದ ತಕರಾರು ಒಂದೇ. ನಾಲ್ಕು ಜನರ ನಾಲ್ಕು ಪಾಸ್‌ಪೋರ್ಟು ಎಲ್ಲಿವೆ?

ಅವನ್ನು ಕಾಯುವ ಜವಾಬ್ದಾರಿ ಹೊತ್ತವನು ರೆಕಾರ್ಡು. ಕೋರ್ಟಿನ ರೆಕಾರ್ಡು ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಕಡತ ಕಾಯ್ದು ನಿವೃತ್ತನಾದ ಮನುಷ್ಯ. ಅಷ್ಟು ವರ್ಷದಲ್ಲಿ ಒಂದು ಹಾಳೆಯೂ ಕಳೆದಿರಲಿಲ್ಲ. ನ್ಯಾಯಾಧೀಶರೇ ಬಂದು ಕೇಳಿದರೂ ಸಹಿ ಇಲ್ಲದೆ ಕಡತ ಹೊರಗೆ ಬಿಟ್ಟವನಲ್ಲ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರನ್ನು ಊರು ಮರೆತು ಈ ಹೆಸರು ಹಿಡಿದಿತ್ತು. ಟೈಲರ್ ಅವನ ಬಾಲ್ಯದ ಗೆಳೆಯ. ಅಂಗಡಿ ಬಿಟ್ಟು ಬಂದರೂ ಜೇಬಿನಲ್ಲಿ ಟೇಪು, ನೀಲಿ ಸೀಮೆಸುಣ್ಣದ ಬಿಲ್ಲೆ ಬಿಟ್ಟು ಬರಲಾಗದವನು. ಟೀಚರ್ ಟೈಲರನ ಹೆಂಡತಿ. ಲೆಕ್ಕದ ಮೇಷ್ಟ್ರಗಿರಿ ಮಾಡಿ ಮಾಡಿ, ಎದುರಿಗೆ ಯಾರಿದ್ದರೂ ಅರ್ಧ ತಪ್ಪು ಮಾಡಿಯೇ ಬಂದಿದ್ದಾರೆ ಎಂದು ನಂಬಿದವಳು. ನಾಲ್ಕನೆಯವಳು ರೆಕಾರ್ಡಿನ ಹೆಂಡತಿ, ಆಪರೇಟರಮ್ಮ. ಟೆಲಿಫೋನು ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನ ಗುಟ್ಟೆಲ್ಲ ಕಿವಿಗೆ ಹಾಕಿಕೊಂಡು, ಒಂದನ್ನೂ ಬಾಯಿಗೆ ತರದೆ ಬದುಕಿದವಳು. ಈಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ತುಟಿ ಪಿಟಿಕ್ಕೆನ್ನದೆ ಕೂತಿದ್ದಳು.

ಟೀಚರ್: ಎಲ್ಲಾದ್ರೂ ಬರೆದಿಟ್ಟಿಲ್ವಾ ಅಣ್ಣ? ನೀವು ಬರೆಯದೆ ಇರೋರಲ್ಲ.

ರೆಕಾರ್ಡು: ಚೀಟಿ ಬರೆದಿದ್ದೀನಿ.

ಟೀಚರ್: ಅಬ್ಬಾ! ಎಲ್ಲಿದೆ ಚೀಟಿ?

ರೆಕಾರ್ಡು: ನೀಲಿ ಚೀಲದಲ್ಲಿ.

ಟೀಚರ್: ಪಾಸ್‌ಪೋರ್ಟು?

ರೆಕಾರ್ಡು: ಚೀಲದಲ್ಲಿ ಇಟ್ಟಿದ್ದೆ.

ಟೀಚರ್: ಚೀಲ?

ರೆಕಾರ್ಡು: ಚೀಲದ ಚಿಂತೆ ಬಿಡಿ ಟೀಚರೇ. ಹುಡುಕೋದಾದ್ರೆ ಪಾಸ್‌ಪೋರ್ಟ್ ಹುಡುಕಿ.

ಟೈಲರ್: ಚೀಲದೊಳಗೆ ತಾನೇ ಪಾಸ್‌ಪೋರ್ಟು ಇರೋದು? ನಾನೇ ಹೊಲಿದುಕೊಟ್ಟಿದ್ದು, ಡಬಲ್ ಹೊಲಿಗೆ ಹಾಕಿ.

ರೆಕಾರ್ಡು: ಹುಡುಕೋ ಹೊತ್ತಲ್ಲಿ ಯಾವುದನ್ನೂ ಮೊದಲೇ ತೀರ್ಮಾನ ಮಾಡ್ಕೋಬಾರ್ದು.

ಟೀಚರ್ ಗಂಡನ ಮುಖ ನೋಡಿದಳು. ‘ನಮ್ಮ ನಮ್ಮ ಪಾಸ್‌ಪೋರ್ಟು ನಾವೇ ಇಟ್ಕೊಳ್ಳೋಣ ಅಂತ ನಾನು ಹೇಳಿರಲಿಲ್ಲವಾ?’ ಎಂಬ ಪ್ರಶ್ನೆ ಆ ನೋಟದಲ್ಲಿ ಪೂರ್ತಿಯಾಗಿತ್ತು. ಟೈಲರ್ ಅದನ್ನು ಓದಿಕೊಂಡು ಛಾವಣಿಯ ಫ್ಯಾನು ನೋಡತೊಡಗಿದ.

ಆಪರೇಟರಮ್ಮ ಸ್ವೆಟರಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಳು. ಏಕೆಂದರೆ ನಾಲ್ಕೂ ಪಾಸ್‌ಪೋರ್ಟು ಅವಳ ಸ್ವೆಟರಿನ ಒಳಜೇಬಿನಲ್ಲಿದ್ದವು.

ಆದದ್ದು ಇಷ್ಟು. ಎರಡನೆಯ ದಿನ ಎಲ್ಲರೂ ಮ್ಯೂಸಿಯಂ ನೋಡಿ ಬಂದಾಗ, ಹಾಸಿಗೆಯ ಹೊದಿಕೆ, ದಿಂಬಿನ ಕವರು ಎಲ್ಲವನ್ನೂ ಕಳಚಿಕೊಂಡು ಹೋಟೆಲಿನ ಹೆಂಗಸು ಕೈಗಾಡಿ ತಳ್ಳುತ್ತ ಹೊರಟಿದ್ದಳು. ಗಂಡ ಆವತ್ತು ನೀಲಿ ಚೀಲವನ್ನು ದಿಂಬಿನ ಕವರಿನೊಳಗೆ ತುರುಕಿದ್ದನ್ನು ಆಪರೇಟರಮ್ಮ ಕಂಡಿದ್ದಳು. ಅವನು ಕೆಳಗೆ ಕಾಫಿ ಕುಡಿಯುತ್ತಿರುವಾಗ ಇವಳು ಮಂಡಿನೋವನ್ನೂ ಮರೆತು ಎರಡು ಮಹಡಿ ಕೈಗಾಡಿಯ ಹಿಂದೆ ಓಡಿದಳು. ತೊಳೆಯುವ ಯಂತ್ರದ ಬಾಯಿಯವರೆಗೂ ಹೋಗಿದ್ದ ಚೀಲವನ್ನು ಕೈಸನ್ನೆ, ಬಾಯಿಸನ್ನೆ ಮಾಡಿ ಬಿಡಿಸಿಕೊಂಡು ಬಂದಳು. ಸಂಜೆಯೇ ಪಾಸ್‌ಪೋರ್ಟುಗಳನ್ನು ತನ್ನ ಕೈಚೀಲಕ್ಕೆ ಸೇರಿಸಿ, ನೀಲಿ ಚೀಲದಲ್ಲಿ ಹೋಟೆಲಿನ ನಾಲ್ಕು ಸೋಪು ಇಟ್ಟು, ಹೊಸದಾಗಿ ಹಾಕಿದ ದಿಂಬಿನ ಕವರಿನೊಳಗೇ ಮತ್ತೆ ಇಟ್ಟಳು. ಗಂಡ ದಿನವೂ ಚೀಲವನ್ನು ಮುಟ್ಟಿ ನೋಡುತ್ತಿದ್ದ, ದಪ್ಪ ಸರಿಯಾಗಿರುತ್ತಿತ್ತು.

ಹೇಳಿಬಿಡಬಹುದಿತ್ತು. ಆದರೆ ಹೇಳುವುದು ಹೇಗೆ? ಕಳೆದ ವರ್ಷದಿಂದ ಅವನು ಎರಡು ಸಲ ಹಾಲು ಉಕ್ಕಿಸಿದ್ದ, ಹಾಗಾಗಿ ಹಾಲು ಕಾಯಿಸುವ ಕೆಲಸ ಅವನ ಕೈತಪ್ಪಿತ್ತು. ಒಮ್ಮೆ ಬೀಗ ಹಾಕದೆ ಬಂದಿದ್ದ, ಬೀಗದ ಕೈ ಕೂಡ ಕೈತಪ್ಪಿತ್ತು. ಮಗಳು ಅವನಿಗೆ ಮಾತ್ರೆ ಡಬ್ಬಿ ತಂದುಕೊಟ್ಟಳು, ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆ ಇರುವಂಥದ್ದು. ಅದನ್ನು ಅವನು ಬಹಳ ಹೊತ್ತು ನೋಡುತ್ತ ಕೂತಿದ್ದ. ಪ್ರವಾಸಕ್ಕೆ ಹೊರಡುವ ಮುಂಚೆ, ‘ಇದೊಂದು ಕೆಲಸ ನನಗೆ ಬಿಡು’ ಎಂದು ಕೇಳಿಕೊಂಡಿದ್ದ. ಆ ಒಂದನ್ನೂ ಕಿತ್ತುಕೊಂಡೆ ಎಂದು ಯಾವ ಬಾಯಿಂದ ಹೇಳುವುದು? ಬಸ್ಸಿನಲ್ಲಿ ಅವನು ತೂಕಡಿಸುವಾಗ ಸೋಪು ತೆಗೆದು ಪಾಸ್‌ಪೋರ್ಟು ಇಟ್ಟರಾಯಿತು ಎಂದು ಅವಳು ಎಣಿಸಿದ್ದಳು. ನೂಕುನುಗ್ಗಲಿನಲ್ಲಿ ಕೈಚೀಲ ಭದ್ರವಲ್ಲವೆಂದು ಇವತ್ತು ಎದ್ದ ಕೂಡಲೇ ಸ್ವೆಟರಿಗೆ ಸೇರಿಸಿಕೊಂಡಿದ್ದಳು. ಸ್ನಾನ ಮುಗಿಸಿ ಹೊರಬರುವಷ್ಟರಲ್ಲಿ ಗೆಳೆಯರಿಬ್ಬರೂ ರೂಮಿಗೆ ಬಂದಿದ್ದರು, ಗಂಡ ‘ಭದ್ರವಾಗಿದೆ’ ಎನ್ನುತ್ತ ನಿಂತಿದ್ದ.

ಟೈಲರ್: ಸರಿ, ದಿನದ ಪ್ರಕಾರ ಬರೋಣ. ಮೊದಲನೇ ದಿನ ಬೋಟಲ್ಲಿ ಹೋದ್ವಿ.

ಟೀಚರ್: ತಪ್ಪು ಬೋಟಲ್ಲಿ.

ಟೈಲರ್: ತಪ್ಪಾದ್ರೇನು, ನದಿ ಅದೇ ತಾನೇ? ಆವತ್ತು ಎಲ್ಲಿಟ್ಟಿದ್ದೆ?

ರೆಕಾರ್ಡು: ಬಲಗಾಲಿನ ಬೂಟಲ್ಲಿ.

ಟೀಚರ್: ಅದಕ್ಕೇ ದಿನವಿಡೀ ಕುಂಟುತ್ತಿದ್ರಾ? ನಾನು ವಯಸ್ಸಾಯ್ತು ಅಂದ್ಕೊಂಡೆ!

ರೆಕಾರ್ಡು: ಎರಡನೇ ದಿನ ಮ್ಯೂಸಿಯಂ. ದಿಂಬಿನ ಕವರು.

ಟೀಚರ್: ಮ್ಯೂಸಿಯಮ್ಮಲ್ಲಿ ನೀವು ಒಂದು ಚಿತ್ರಾನೂ ನೋಡ್ಲಿಲ್ಲ. ಮೊದಲ ಎರಡೂ ದಿನ ಮುಖ ಗಂಟು ಹಾಕ್ಕೊಂಡಿದ್ರಿ. ಮೂರನೇ ದಿನ ತಂತಿ ಮೇಲಿನ ಡಬ್ಬಿಯಲ್ಲಿ ಬೆಟ್ಟ ಹತ್ತಿದ್ವಲ್ಲ, ಅವತ್ತಿಂದ ಅಲ್ವಾ ನೀವು ಸರಿಹೋಗಿದ್ದು?

ಟೈಲರ್: ಸರಿಹೋಗಿದ್ದಾ? ನಾನು ಹೆದರಿ ಕಂಬಿ ಹಿಡ್ಕೊಂಡು ಕೂತಿದ್ರೆ ಇವನು ಕಿಟಕಿಯಿಂದ ಕೈ ಬೀಸ್ತಿದ್ದ. ಯಾರಿಗೆ ಬೀಸ್ತಿದ್ಯೋ, ಅಲ್ಲಿ ಮೋಡ ಬಿಟ್ರೆ ಯಾರಿದ್ರು?

ರೆಕಾರ್ಡು: ಕುರಿ ಇತ್ತು.

ಟೈಲರ್: ಐದನೇ ದಿನ ಸಮುದ್ರದಲ್ಲಿ ಪ್ಯಾಂಟು ಮಡಿಚ್ಕೊಂಡು ಇಳಿದವನು ಮೇಲೆ ಬಂದಿದ್ದೇ ಕತ್ತಲಾಗೋ ಹೊತ್ತಿಗೆ! ಐವತ್ತು ವರ್ಷದಲ್ಲಿ ಇವನು ಹೀಗೆ ನಕ್ಕಿದ್ದು ನಾನು ನೋಡಿರ್ಲಿಲ್ಲ. ಆವತ್ತು ಎಲ್ಲಿಟ್ಟಿದ್ದೆ?

ರೆಕಾರ್ಡು: ಚೀಲಾನಾ? ಪರದೆ ಹಿಂದೆ.

ಟೈಲರ್: ನಿನ್ನೆ?

ರೆಕಾರ್ಡು ಹೆಂಡತಿಯ ಕಡೆ ತಿರುಗಿದ.

ರೆಕಾರ್ಡು: ನೀನು ಹೇಳು. ನೀನಾಗಿದ್ರೆ ಎಲ್ಲಿ ಇಡ್ತಿದ್ದೆ?

ಆಪರೇಟರಮ್ಮ: ನಾನಾ?

ರೆಕಾರ್ಡು: ಹೌದು. ಗಾಬರಿ ಆಗ್ಬೇಡ, ನಿಧಾನಕ್ಕೆ ಯೋಚನೆ ಮಾಡು. ಬೆಳಗ್ಗೆ ಎದ್ದೆ. ಆಮೇಲೆ? ಎಲ್ಲೆಲ್ಲಿ ಓಡಾಡ್ದೆ? ಏನೇನು ಮುಟ್ಟಿದೆ?

ತಾನು ಇಟ್ಟದ್ದನ್ನು ಹೆಂಡತಿಯ ತಲೆಯಿಂದ ನೆನಪಿಸಿಕೊಳ್ಳುವ ಸ್ಥಿತಿ ಬಂತಲ್ಲ ಈ ಮನುಷ್ಯನಿಗೆ ಎಂದು ಆಪರೇಟರಮ್ಮ ಅಂದುಕೊಂಡಳು. ಆಗಲೇ ನಿರ್ಧಾರವನ್ನೂ ಮಾಡಿದಳು. ಪಾಸ್‌ಪೋರ್ಟುಗಳನ್ನು ರೂಮಿನ ಯಾವುದಾದರೂ ಮೂಲೆಯಲ್ಲಿ ಸದ್ದಿಲ್ಲದೆ ಇಟ್ಟುಬಿಡುವುದು. ಅವನೇ ಹುಡುಕಬೇಕು, ಅವನ ಕೈಗೇ ಸಿಗಬೇಕು, ಎಲ್ಲರೂ ನೋಡಬೇಕು.

ಆಪರೇಟರಮ್ಮ: ದಿಂಬಿನ ಕೆಳಗೆ ನೋಡೋಣ.

ಎನ್ನುತ್ತ ಎದ್ದು ಹಾಸಿಗೆಯ ಕಡೆ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ರೆಕಾರ್ಡು ಅಂಗೈ ಚಾಚಿದ.

ರೆಕಾರ್ಡು: ನಿಲ್ಲು. ಹೀಗೆ ಒಬ್ಬೊಬ್ಬರು ಒಂದೊಂದು ಕಡೆ ಕೈ ಹಾಕಿದ್ರೆ ಹುಡುಕಿದ ಕಡೆಯೇ ನೂರು ಸಲ ಹುಡುಕ್ತೀವಿ. ಲೇ ಟೈಲರು, ನಿನ್ನ ಸೀಮೆಸುಣ್ಣ ಕೊಡು.

ಟೈಲರ್: ಏನಕ್ಕೆ?

ರೆಕಾರ್ಡು: ನೋಡಿದ್ದಕ್ಕೆ ಟಿಕ್ ಹಾಕ್ತೀನಿ. ಟಿಕ್ ಬಿದ್ದದ್ದನ್ನ ಮತ್ತೆ ಯಾರೂ ಮುಟ್ಟೋ ಹಾಗಿಲ್ಲ. ನೀನು ಎತ್ತು, ನಾನು ನೋಡ್ತೀನಿ. ನನ್ನ ಕಣ್ಣಲ್ಲಿ ನೋಡದೆ ನಾನು ಟಿಕ್ ಹಾಕೋನಲ್ಲ.

ಟೀಚರ್: ಹೋಟೆಲಿನವರು ಏನಂತಾರೆ?

ಟೈಲರ್: ಒದರಿದ್ರೆ ಹೋಗುತ್ತೆ ಬಿಡು. ನಲವತ್ತು ವರ್ಷದಿಂದ ಜನರ ಬೆನ್ನ ಮೇಲೇ ಗೀಚಿದ್ದೀನಿ.

ಕೆಲಸ ಶುರುವಾಯಿತು. ದಿಂಬಿಗೆ ಟಿಕ್ ಬಿತ್ತು, ಹಾಸಿಗೆಗೆ, ಕುರ್ಚಿಗೆ, ಕಸದ ಬುಟ್ಟಿಗೂ ಬಿತ್ತು. ಆಪರೇಟರಮ್ಮ ಯಾವ ಮೂಲೆಯ ಕಡೆ ಸರಿದರೂ, ಅವಳಿಗಿಂತ ಒಂದು ಹೆಜ್ಜೆ ಮುಂದೆ ಅಲ್ಲೊಂದು ನೀಲಿ ಟಿಕ್ ಬಿದ್ದಿರುತ್ತಿತ್ತು. ಪರದೆಯ ಹತ್ತಿರ ಹೋದಳು, ಟೈಲರ್ ಪರದೆಯನ್ನು ಎತ್ತಿ ಹಿಡಿದು ‘ಅಂಚು ಹೊಲಿದವನು ಯಾರೋ ಕೆಲಸ ಕಲೀಲಿಲ್ಲ’ ಎನ್ನುತ್ತಿದ್ದ. ಟಿ.ವಿ. ಹಿಂದೆ ಕೈಯಿಡಲು ನೋಡಿದಳು, ಟೀಚರ್ ಬಂದು ಪಕ್ಕದಲ್ಲಿ ನಿಂತಳು.

ಟೀಚರ್: ಯಾಕಕ್ಕಾ, ಇಷ್ಟು ಬೆವರ್ತಿದ್ದೀರ?

ಆಪರೇಟರಮ್ಮ: ಏನಿಲ್ಲ, ಚಳಿ.

ಟೀಚರ್: ಚಳಿಗೆ ಬೆವರ್ತಾರಾ? ಮೊದಲು ಆ ಸ್ವೆಟರ್ ತೆಗೀರಿ.

ಆಪರೇಟರಮ್ಮ: ಬೇಡಮ್ಮ.

ಟೀಚರ್: ಜ್ವರ ಇರ್ಬೇಕು. ಗುಂಡಿ ಬಿಚ್ಚಿ, ನೋಡ್ತೀನಿ.

ಆಪರೇಟರಮ್ಮ: ಬಿಚ್ಚಿದ್ರೆ ಹೆಚ್ಚಾಗುತ್ತೆ.

ಟೀಚರ್: ಏನು ಹೆಚ್ಚಾಗುತ್ತೆ?

ಆಪರೇಟರಮ್ಮ: ಎಲ್ಲಾನೂ.

ಎರಡೂ ಕೈ ಎದೆಗೆ ಕಟ್ಟಿಕೊಂಡು ಅವಳು ಹಿಂದಕ್ಕೆ ಸರಿದಳು. ಟೀಚರ್ ತಲೆಯಲ್ಲಾಡಿಸುತ್ತ ಬೇರೆ ಕಡೆ ಗಮನ ಕೊಟ್ಟಳು. ಮಂಚದ ಪಕ್ಕದ ಡ್ರಾಯರಿನ ಮೇಲಿನ ಟಿಕ್ ಸೊಟ್ಟಗಿತ್ತು. ಸೊಟ್ಟ ಟಿಕ್ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕರವಸ್ತ್ರದಿಂದ ಒರೆಸಿ, ನೆಟ್ಟಗೆ ಹಾಕಲು ಸೀಮೆಸುಣ್ಣ ಕೇಳಿಕೊಂಡು ಬರಲು ಹೋದಳು.

ಆಪರೇಟರಮ್ಮ ಅತ್ತ ತಿರುಗಿದಾಗ ಡ್ರಾಯರಿನ ಮೇಲೆ ಟಿಕ್ ಇರಲಿಲ್ಲ. ಹೋದ ಜೀವ ಬಂದ ಹಾಗಾಯಿತು. ಉಳಿದವರು ಅಲಮಾರಿಯಲ್ಲಿ ತಲೆ ತೂರಿಸಿದ್ದರು. ತಟಕ್ಕನೆ ನಾಲ್ಕೂ ಪಾಸ್‌ಪೋರ್ಟು ಡ್ರಾಯರಿಗೆ ಹಾಕಿ ಮುಚ್ಚಿ, ಕುರ್ಚಿಯಲ್ಲಿ ಬಂದು ಕೂತಳು. ಬೆಳಗ್ಗೆಯಿಂದ ಮೊದಲ ಬಾರಿಗೆ ಬೆನ್ನು ಒರಗಿಸಿದಳು.

ಟೀಚರ್ ಸೀಮೆಸುಣ್ಣ ಹಿಡಿದು ಬಂದು ಡ್ರಾಯರಿನ ಮೇಲೆ ದೊಡ್ಡದಾಗಿ, ಮುದ್ದಾಗಿ ಒಂದು ಟಿಕ್ ಎಳೆದಳು.

ಆಪರೇಟರಮ್ಮ: ಅಯ್ಯೋ, ಅದನ್ನ ಇನ್ನೂ ನೋಡಿಲ್ಲ!

ಟೀಚರ್: ಮೊದಲೇ ನೋಡಾಗಿದೆ ಅಕ್ಕ. ಟಿಕ್ ಸರಿ ಇರ್ಲಿಲ್ಲ, ತಿದ್ದಿದೆ ಅಷ್ಟೇ.

ಆಪರೇಟರಮ್ಮ: ಇನ್ನೊಂದು ಸಲ ನೋಡಿದ್ರೆ ನಷ್ಟ ಏನು?

ರೆಕಾರ್ಡು: ನೋಡಿದ್ದನ್ನೇ ನೋಡ್ತಾ ಕೂತ್ರೆ ಬಸ್ಸು ಹೋಗುತ್ತೆ. ಟಿಕ್ ಬಿತ್ತು, ಮುಗೀತು.

ನಾಲ್ಕು ಪಾಸ್‌ಪೋರ್ಟೂ ಈಗ ಯಾರೂ ಮುಟ್ಟದ ಜಾಗದಲ್ಲಿ, ಅಚ್ಚುಕಟ್ಟಾದ ಟಿಕ್ಕಿನ ಹಿಂದೆ ಕೂತವು. ಅವನ್ನು ಹೊರಗೆ ತೆಗೆಯಲು ಆಪರೇಟರಮ್ಮ ಮೀನಖಂಡ ಹಿಡಿದುಕೊಂಡಿದೆ ಎಂದು ಡ್ರಾಯರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರಬೇಕಾಯಿತು. ಟೀಚರ್ ತಿಕ್ಕಲು ಬಂದಳು. ಬಲಗಾಲು ತಿಕ್ಕಿಸಿಕೊಳ್ಳುತ್ತ, ಎಡಗೈಯನ್ನು ಬೆನ್ನ ಹಿಂದೆ ಬಿಟ್ಟು, ಒಂದೊಂದೇ ಪಾಸ್‌ಪೋರ್ಟನ್ನು ಸ್ವೆಟರಿಗೆ ಇಳಿಸಿಕೊಂಡಳು. ನಾಲ್ಕನೆಯದು ಜಾರಿ ಬಿತ್ತು. ಅದರ ಮೇಲೆ ಕೂತಳು, ಏಳುವಾಗ ಅದನ್ನೂ ಜೇಬಿಗಿಳಿಸಿದಳು.

ಟೈಲರ್: ಅಲಮಾರಿಯಲ್ಲಿ ಈ ಪುಟ್ಟ ಲಾಕರೊಂದು ಉಳೀತು. ಬೀಗದ ಕೈ ಇಲ್ಲೇ ನೇತಾಡ್ತಿದೆ. ತೆಗೀಲಾ?

ರೆಕಾರ್ಡು: ಬೇಡ.

ಟೈಲರ್: ಯಾಕೋ?

ರೆಕಾರ್ಡು: ಕಳ್ಳ ಮೊದಲು ಕೈ ಹಾಕೋದೇ ಅದಕ್ಕೆ. ಅಂಥ ಕಡೆ ಪಾಸ್‌ಪೋರ್ಟ್ ಇಡೋ ಅಷ್ಟು ದಡ್ಡನಾ ನಾನು?

ಟೈಲರ್: ಛೇ ಛೇ. ಹಾಗಾದ್ರೆ ಟಿಕ್ ಹಾಕು.

ರೆಕಾರ್ಡು: ನೋಡಿಲ್ವಲ್ಲ. ಟಿಕ್ ಹೇಗೆ ಹಾಕ್ಲಿ?

ಟೈಲರ್: ಹಾಗಾದ್ರೆ ನೋಡು.

ರೆಕಾರ್ಡು: ನೋಡೋದು ಬೇಡ ಅಂದೆನಲ್ಲ.

ಟೈಲರ್, ಮೂವತ್ತನಾಲ್ಕು ವರ್ಷದ ಅನುಭವದ ಮುಂದೆ ತನ್ನದೇನು ಎಂದುಕೊಂಡು ಮುಂದೆ ನಡೆದ. ಲಾಕರಿಗೆ ಟಿಕ್ ಬೀಳದೆ ಉಳಿದದ್ದು ಆಪರೇಟರಮ್ಮನ ಕಣ್ಣಿಗೆ ಬಿತ್ತು.

ಟೀಚರ್: ಇನ್ನು ನಮ್ಮ ಕೈಚೀಲಗಳು. ಅವನ್ನೂ ನೋಡಿಬಿಡಿ ಅಣ್ಣ. ಮೊದಲು ಅಕ್ಕಂದು, ಆಮೇಲೆ ನಂದು.

ರೆಕಾರ್ಡು: ಇವಳ ಕೈಚೀಲ ನೋಡೋ ಅಗತ್ಯ ಇಲ್ಲ.

ಟೀಚರ್: ನಿಯಮ ಅಂದ್ರೆ ಎಲ್ಲರಿಗೂ ಒಂದೇ ಅಲ್ವಾ?

ರೆಕಾರ್ಡು: ಅದರಲ್ಲಿಲ್ಲ ಅಂತ ನನಗೆ ಗೊತ್ತು ಟೀಚರೇ. ಅದರ ಮಾತೇ ಬೇಡ.

ಅವನ ದನಿ ಸ್ವಲ್ಪ ಗಡುಸಾಗಿತ್ತು. ತನ್ನ ಮೇಲೆ ಇಷ್ಟು ನಂಬಿಕೆಯಿಟ್ಟವನಿಗೆ ಐದು ದಿನದಿಂದ ಸೋಪು ಕಾಯಿಸಿದೆನಲ್ಲ ಎಂದು ಆಪರೇಟರಮ್ಮನಿಗೆ ನಾಚಿಕೆಯಾಯಿತು. ನಾಲ್ಕನೆಯ ದಿನ ಚೀಲವನ್ನು ಮೂಗಿಗೆ ಹಿಡಿದು, ‘ಈ ದೇಶಕ್ಕೆ ಬಂದ್ಮೇಲೆ ಕಾಗದಕ್ಕೂ ಪರಿಮಳ ಬಂತು ನೋಡು’ ಎಂದಿದ್ದ. ಅವಳಿಗೆ ಕಾಫಿ ನೆತ್ತಿಗೇರಿತ್ತು.

ಟೆಲಿಫೋನು ಹೊಡೆದುಕೊಂಡಿತು. ಅಭ್ಯಾಸಬಲದಿಂದ ಆಪರೇಟರಮ್ಮನೇ ಎತ್ತಿದಳು. ಬಸ್ಸು ಹದಿನೈದು ನಿಮಿಷ ಮೊದಲೇ ಬಂದಿದೆ, ಬೇಗ ಇಳಿದು ಬನ್ನಿ ಎಂದು ಕೆಳಗಿನಿಂದ ಯಾರೋ ಹೇಳಿದರು. ಅವಳು ಅದನ್ನೇ ಇವರಿಗೆ ಹೇಳಿದಳು.

ರೂಮಿನ ತುಂಬ ನೀಲಿ ಟಿಕ್ಕುಗಳಿದ್ದವು. ರೆಕಾರ್ಡು ಸುತ್ತ ಒಮ್ಮೆ ನೋಡಿ, ತನ್ನ ಸೂಟ್‌ಕೇಸಿನ ಮೇಲೆ ಕೂತ.

ರೆಕಾರ್ಡು: ತಪ್ಪು ನಂದು. ಎಲ್ಲಿಟ್ಟೆ ಅಂತ ಮರೆತುಬಿಟ್ಟೆ.

ಹಾಲು ಉಕ್ಕಿದಾಗಲೂ ಅವನು ‘ಮರೆತೆ’ ಎಂದಿರಲಿಲ್ಲ, ಒಲೆಯದ್ದೇ ತಪ್ಪು ಎಂದಿದ್ದ. ಈಗ ಆ ಮಾತು ಅವನ ಬಾಯಿಂದ ಬಂದದ್ದು ಕೇಳಿ ಆಪರೇಟರಮ್ಮನಿಗೆ ಅಳು ಬಂತು.

ರೆಕಾರ್ಡು: ಇವಳನ್ನ ಯಾರೂ ಏನೂ ಕೇಳ್ಬೇಡಿ. ನನ್ನ ಜವಾಬ್ದಾರಿ, ನಾನೇ ಕಳೆದದ್ದು. ಟೀಚರೇ, ನೀವು ಮೊದಲೇ ಹೇಳಿದ್ರಿ.

ಟೀಚರ್: ನಾನು ಏನೂ ಹೇಳಿಲ್ಲ ಬಿಡಿ ಅಣ್ಣ.

ಟೈಲರ್: ಏಯ್, ಈಗೇನಾಯ್ತು? ಬಸ್ಸು ಹೋದ್ರೆ ಹೋಗ್ಲಿ. ನಮ್ಮ ದೇಶದ ಕಚೇರಿ ಒಂದಿರುತ್ತಲ್ಲ ಇಲ್ಲಿ, ಬೇರೆ ಕಾಗದ ಮಾಡಿಸ್ಕೊಂಡ್ರಾಯ್ತು. ಅಲ್ಲೀವರೆಗೂ ಬೋಟಲ್ಲಿ ಇನ್ನೊಂದು ಸುತ್ತು ಹೊಡೆಯೋಣ.

ಟೀಚರ್: ಈ ಸಲ ಸರಿಯಾದ ಬೋಟಲ್ಲಿ.

ಟೈಲರ್: ಬಾರೆ, ಡ್ರೈವರಿಗೆ ಐದು ನಿಮಿಷ ನಿಲ್ಲು ಅಂತ ಹೇಳಿ ಬರೋಣ.

ಗಂಡ ಹೆಂಡತಿ ಇಬ್ಬರೂ ಇಳಿದು ಹೋದರು. ರೆಕಾರ್ಡು ನೀಲಿಯಾದ ಕೈಗಳನ್ನು ನೋಡಿಕೊಂಡು ಬಚ್ಚಲಿಗೆ ನಡೆದ. ನಲ್ಲಿಯ ಸದ್ದು ಕೇಳಿತು.

ಆಪರೇಟರಮ್ಮ ಒಂದು ಕ್ಷಣವೂ ತಡಮಾಡಲಿಲ್ಲ. ಸ್ವೆಟರಿನಿಂದ ಪಾಸ್‌ಪೋರ್ಟು ಎಳೆದುಕೊಂಡು ಅಲಮಾರಿಗೆ ಓಡಿದಳು. ಟಿಕ್ ಇಲ್ಲದ ಜಾಗ ಅಲ್ಲಿಯ ಲಾಕರೊಂದೇ. ‘ಕೊನೆಗೆ ಇದನ್ನೂ ನೋಡಿಬಿಡಿ’ ಎಂದು ಅವನನ್ನು ಕೈಹಿಡಿದು ಎಳೆತಂದರಾಯಿತು. ಬೀಗದ ಕೈ ತಿರುವಿ ಲಾಕರಿನ ಬಾಗಿಲು ತೆರೆದಳು.

ಒಳಗೆ ನೀಲಿ ಚೀಲ ಇತ್ತು.

ಚೀಲ ಬಿಚ್ಚಿದಳು. ನಾಲ್ಕು ಸೋಪು ಇಟ್ಟ ಹಾಗೇ ಇದ್ದವು. ಅವುಗಳ ಮೇಲೆ ಮಡಿಚಿದ ಒಂದು ಚೀಟಿ. ರೆಕಾರ್ಡು ರೂಮಿನಲ್ಲಿ ಯಾರಾದರೂ ಕಡತ ತೆಗೆದುಕೊಂಡು ಹೋದರೆ, ಕಡತವಿದ್ದ ಜಾಗದಲ್ಲಿ ಇಡುತ್ತಿದ್ದಂಥ ಚೀಟಿ. ಅವನ ದುಂಡು ಅಕ್ಷರ, ಅವನದೇ ಗೆರೆ.

‘ದಾಖಲೆ: ಪಾಸ್‌ಪೋರ್ಟು, ನಾಲ್ಕು. ತೆಗೆದುಕೊಂಡವರು: ನನ್ನ ಹೆಂಡತಿ. ಗಮನಕ್ಕೆ ಬಂದ ದಿನ: ಪ್ರವಾಸದ ಮೂರನೆಯ ದಿನ, ಬೆಳಗ್ಗೆ. ಈಗ ಇರುವ ಸ್ಥಳ: ಅವಳ ಕೈಚೀಲ. ಕಾರಣ: ಕೇಳಿಲ್ಲ. ವಾಪಸು ಬಂದ ದಿನ:’

ಕೊನೆಯ ಸಾಲು ಖಾಲಿ ಇತ್ತು. ಬಚ್ಚಲಿನ ನಲ್ಲಿ ನಿಂತಿತು. ರೆಕಾರ್ಡು ಟವೆಲು ಹಿಡಿದು ಅವಳ ಹಿಂದೆ ನಿಂತಿದ್ದ. ಚೀಟಿಯನ್ನು ನೋಡಲಿಲ್ಲ, ಅವಳ ಕೈಯಲ್ಲಿದ್ದ ನಾಲ್ಕು ಪಾಸ್‌ಪೋರ್ಟು ನೋಡಿದ.

ರೆಕಾರ್ಡು: ಸಿಕ್ತಾ?

ಆಪರೇಟರಮ್ಮ: ಏನು ಸಿಕ್ತಾ?

ರೆಕಾರ್ಡು: ಎಲ್ಲಿಟ್ಟಿದ್ದೆ ಅಂತ ನೆನಪಾಯ್ತಾ?

ಆಪರೇಟರಮ್ಮ: ನನಗ್ಯಾಕೆ ಮರೆಯುತ್ತೆ? ಬೆಳಗ್ಗೆಯಿಂದ ಸ್ವೆಟರಲ್ಲೇ ಇತ್ತು!

ರೆಕಾರ್ಡು ಮಂಚದ ಅಂಚಿನಲ್ಲಿ, ಒಂದು ಟಿಕ್ಕಿನ ಮೇಲೆ, ಕುಸಿದು ಕೂತ.

ರೆಕಾರ್ಡು: ದಿನಾ ನೀನು ಸ್ನಾನಕ್ಕೆ ಹೋದಾಗ ನಿನ್ನ ಕೈಚೀಲ ನೋಡ್ತಿದ್ದೆ. ನಾಲ್ಕೂ ಇರ್ತಿತ್ತು. ಇವತ್ತು ನೋಡಿದ್ರೆ ಒಂದೂ ಇಲ್ಲ. ಎಲ್ಲೋ ಇಟ್ಟು ಮರೆತಿದ್ದೀಯ ಅಂದ್ಕೊಂಡೆ. ಕೇಳೋಣ ಅಂದ್ರೆ ಅಷ್ಟರಲ್ಲಿ ಇವರಿಬ್ಬರೂ ಬಂದ್ರು. ಅವರ ಮುಂದೆ ನನ್ನ ಹೆಂಡತಿ ಕಳೆದಳು ಅಂತ ಹೇಳೋಕಾಗುತ್ತಾ?

ಆಪರೇಟರಮ್ಮ: ಅದಕ್ಕೆ ‘ನಾನೇ ಮರೆತೆ’ ಅಂದ್ರಾ?

ರೆಕಾರ್ಡು: ಮೂವತ್ನಾಲ್ಕು ವರ್ಷದಲ್ಲಿ ಒಂದು ಸುಳ್ಳು ಎಂಟ್ರಿ ಮಾಡಿರ್ಲಿಲ್ಲ.

ಅವಳು ಪಕ್ಕದಲ್ಲಿ ಕೂತಳು. ಎಷ್ಟೋ ಹೊತ್ತಿನಿಂದ ತಡೆದಿಟ್ಟಿದ್ದ ಅಳು ಈಗ ಬಂದೇಬಿಟ್ಟಿತು, ಅದರ ಹಿಂದೆಯೇ ನಗುವೂ ಬಂತು. ಎರಡನ್ನೂ ಸ್ವೆಟರಿನ ತೋಳಿಗೆ ಒರೆಸಿದಳು.

ಆಪರೇಟರಮ್ಮ: ಮೂರನೇ ದಿನವೇ ಗೊತ್ತಿದ್ರೆ ಮತ್ಯಾಕೆ ದಿನಾ ಆ ಚೀಲ ಬಚ್ಚಿಡ್ತಿದ್ರಿ?

ರೆಕಾರ್ಡು: ಬಿಟ್ಟುಬಿಟ್ಟಿದ್ರೆ ನಿನಗೆ ಅನುಮಾನ ಬರ್ತಿತ್ತು. ಪೆನ್ನು ಕೊಡು.

ಆಪರೇಟರಮ್ಮ: ಈಗ ಏನು ಬರೀತೀರಿ?

ರೆಕಾರ್ಡು: ವಾಪಸು ಬಂದ ದಿನ ಬರೀಬೇಕು. ಕಾರಣದ ಕಾಲಂ ಕೂಡ ಬಾಕಿ ಇದೆ. ಕಾರಣ ಹೇಳು.

ಕೈಗಾಡಿ, ದಿಂಬಿನ ಕವರು, ತೊಳೆಯುವ ಯಂತ್ರ ಎಲ್ಲ ಅವಳ ನಾಲಿಗೆಯ ತುದಿಯವರೆಗೆ ಬಂದವು. ಮೂವತ್ತು ವರ್ಷದ ಅಭ್ಯಾಸ ಕೈಬಿಡಲಿಲ್ಲ.

ಆಪರೇಟರಮ್ಮ: ನೀವು ಸಮುದ್ರ ನೋಡ್ಲಿ ಅಂತ.

ರೆಕಾರ್ಡು ‘ಕೇಳಿಲ್ಲ’ ಎಂಬುದನ್ನು ಹೊಡೆದು ಹಾಗೆಯೇ ಬರೆದ.

ರೆಕಾರ್ಡು: ನೋಡ್ದೆ. ಮೂರನೇ ದಿನದಿಂದ ಎಲ್ಲಾನೂ ನೋಡ್ದೆ.

ಮೆಟ್ಟಿಲಲ್ಲಿ ಕಾಲಸಪ್ಪಳ ಕೇಳಿತು. ಟೈಲರ್ ಏದುಸಿರು ಬಿಡುತ್ತ ಬಾಗಿಲಿಗೆ ಬಂದ, ಅವನ ಹಿಂದೆ ಟೀಚರ್. ಆಪರೇಟರಮ್ಮ ನಾಲ್ಕೂ ಪಾಸ್‌ಪೋರ್ಟು ಎತ್ತಿ ಹಿಡಿದಳು.

ಆಪರೇಟರಮ್ಮ: ಇವರೇ ಹುಡುಕಿದ್ರು!

ಟೈಲರ್: ನಾನು ಹೇಳ್ಲಿಲ್ವಾ? ಇವನ ಕೈಯಲ್ಲಿ ಕಳೆಯುತ್ತಾ? ಎಲ್ಲಿತ್ತೋ?

ರೆಕಾರ್ಡು: ಲಾಕರಿನ ಹತ್ತಿರ.

ಟೀಚರ್: ದಡ್ಡರು ಮಾತ್ರ ಅಲ್ಲಿಡೋದು ಅಂದ್ರಿ?

ರೆಕಾರ್ಡು: ಅದಕ್ಕೇ ನಮಗೆ ಯಾರಿಗೂ ಹೊಳೀಲಿಲ್ಲ.

ಎದ್ದು ಹೋಗಿ ಲಾಕರಿನ ಒಳಗೆ ಒಮ್ಮೆ ಚೆನ್ನಾಗಿ ನೋಡಿ, ಬಾಗಿಲಿಗೆ ಟಿಕ್ ಹಾಕಿದ. ಟೀಚರ್ ಅದನ್ನು ನೋಡಿದಳು, ಕೈ ತುರಿಸಿದರೂ ತಿದ್ದಲಿಲ್ಲ.

ಸೂಟ್‌ಕೇಸುಗಳನ್ನು ಉರುಳಿಸಿಕೊಂಡು ಗೆಳೆಯರು ಮುಂದೆ ನಡೆದರು. ಹಿಂದೆ ಉಳಿದ ಆಪರೇಟರಮ್ಮ ಪಾಸ್‌ಪೋರ್ಟುಗಳನ್ನು ಗಂಡನ ಕೈಗೆ ಕೊಡಲು ಹೋದಳು.

ಆಪರೇಟರಮ್ಮ: ತಗೊಳ್ಳಿ. ನಿಮ್ಮ ಕೆಲಸ ನಿಮಗೇ ಇರ್ಲಿ. ಇನ್ನು ನಾನು ಮುಟ್ಟಲ್ಲ.

ರೆಕಾರ್ಡು: ಬೇಡ, ನೀನೇ ಇಟ್ಕೋ.

ಆಪರೇಟರಮ್ಮ: ನಿಮಗೆ?

ರೆಕಾರ್ಡು: ನನಗೆ ಸೋಪು ಸಾಕು. ಅಭ್ಯಾಸ ಆಗಿದೆ.

ಬಸ್ಸು ಹೊರಟಿತು. ರೆಕಾರ್ಡು ನೀಲಿ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ಕೂತ. ಪಕ್ಕದಲ್ಲಿ ಆಪರೇಟರಮ್ಮ ಗುಂಡಿ ಹಾಕಿದ ಸ್ವೆಟರಿನಲ್ಲಿ ಬೆವರುತ್ತಿದ್ದಳು. ಹಿಂದಿನ ಸೀಟಿನಿಂದ ಟೈಲರ್ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಟೈಲರ್: ನೋಡು ಹೇಗೆ ಹಿಡ್ಕೊಂಡಿದ್ದಾನೆ! ಇನ್ನು ಮನೆ ಮುಟ್ಟೋವರೆಗೂ ಯೋಚನೆ ಇಲ್ಲ.

ಟೀಚರ್: ಅದು ಸರಿ. ಎಲ್ಲಿಂದಲೋ ಸೋಪಿನ ವಾಸನೆ ಬರ್ತಿದೆಯಲ್ಲ?

ರೆಕಾರ್ಡು: (ತಿರುಗದೆ) ಸೀಮೆಸುಣ್ಣ ಆಗಿತ್ತು ಟೀಚರೇ. ಕೈ ತೊಳ್ಕೊಂಡೆ.